ದೊಡ್ಡಪ್ಪ ಕುಡಿಯದ ಕೆಂಪು ಕಷಾಯ

ನಮ್ಮಮ್ಮನನ್ನು ಸಾಧು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅವಳದು ಮಾತು ಕಡಿಮೆ, ಅಷ್ಟೆ. ದೊಡ್ಡಪ್ಪನ ಗಿಡಮೂಲಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಜಿನ್‌ಸೆಂಗ್ ಬೇರುಗಳ ಮಣ್ಣು ಉಜ್ಜಿ ತೆಗೆಯುವುದು, ಹಬೆಯಲ್ಲಿ ಬೇಯಿಸುವುದು, ಒಣಹಾಕುವುದು ಅವಳ ಕೆಲಸ. ಹಾಗೇ ಒಣಗಿಸಿದರೆ ಬಿಳಿ ಬೇರು. ಬೇಯಿಸಿ ಒಣಗಿಸಿದರೆ ಕೆಂಪು. ಕೆಂಪಿಗೆ ಬೆಲೆ ಹೆಚ್ಚು, ಜಂಬವೂ ಹೆಚ್ಚು. ಅಮೆರಿಕದ್ದು ಸೌಮ್ಯ ಅನ್ನುತ್ತಾರೆ. ಸೈಬೀರಿಯಾದ್ದು ಹೆಸರಿಗೆ ಮಾತ್ರ ಜಿನ್‌ಸೆಂಗ್, ಗಿಡವೇ ಬೇರೆ.

ಮುಂದೆ ಕೂತು ದರ್ಬಾರು ಮಾಡುವವನು ದೊಡ್ಡಪ್ಪ. ಅವನಿಗೆ ಬಹುವಚನ ಕೊಡಲು ನನಗೆ ಬಾಯಿ ಬರುವುದಿಲ್ಲ. ದಣಿವು, ಮರೆವು, ಸಕ್ಕರೆ, ಗಂಡಸುತನ, ಎಲ್ಲಕ್ಕೂ ಅವನ ಹತ್ತಿರ ಅದೇ ಬೇರು. ದಣಿವಿಗೆ ಒಂದಿಷ್ಟು ಆಗಿಬರುತ್ತದೆ, ನಾನೂ ಕುಡಿದು ನೋಡಿದ್ದೇನೆ. ಮಿಕ್ಕಿದ್ದರಲ್ಲಿ ಅವನ ಬಾಯಿಯ ಪಾಲೇ ದೊಡ್ಡದು. ಗಿರಾಕಿಗಳಿಗೆ ಕಷಾಯ ಕೊಡುವ ಮೊದಲು ಯಜಮಾನ ಅವರೆದುರೇ ಒಂದು ಲೋಟ ಕುಡಿಯುವುದು ಆ ಅಂಗಡಿಯ ಪದ್ಧತಿ. “ನಾನು ಕುಡಿಯದ್ದನ್ನ ನಿಮಗೆ ಕೊಡಲ್ಲ,” ಎಂದು ಮೀಸೆ ಒರೆಸಿಕೊಳ್ಳುತ್ತಿದ್ದ.

ಅಪ್ಪನಿಗೆ ಹೃದಯದ ಕವಾಟ ಬದಲಿಸಿದ್ದರು. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ ನುಂಗಬೇಕಿತ್ತು. ತುಂಬಾ ಸುಸ್ತು ಎಂದಾಗ ದೊಡ್ಡಪ್ಪ ಕೆಂಪು ಬೇರಿನ ಡಬ್ಬಿ ತಂದ. ಡಾಕ್ಟರನ್ನು ಕೇಳೋಣ ಎಂದಳು ಅಮ್ಮ. “ಬೇರು ತಿಂದು ಯಾರಮ್ಮ ಸತ್ತಿದಾರೆ?” ಎಂದು ನಕ್ಕ. ಅಮ್ಮ ತನ್ನ ಕೈಯಾರೆ ಕುದಿಸಿ ಕೊಟ್ಟಳು. ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಅಪ್ಪ ಹೋದರು. ಬೇರು ಆ ಮಾತ್ರೆಯ ಬಲ ತಗ್ಗಿಸಿರಬೇಕು ಎಂದು ಡಾಕ್ಟರು ಆಮೇಲೆ ಹೇಳಿದರು. “ಅವನ ಆಯಸ್ಸು ಅಷ್ಟೇ ಇತ್ತು,” ಎಂದ ದೊಡ್ಡಪ್ಪ. ಅಮ್ಮ ಹಲ್ಲು ಕಚ್ಚಿಕೊಂಡು ಅದೇ ಕೆಲಸಕ್ಕೆ ಹೋದಳು. ನನ್ನ ಓದು ಮುಗಿಯಬೇಕಿತ್ತಲ್ಲ.

ಕೆಲವು ವರ್ಷದ ಮೇಲೆ ದೊಡ್ಡಪ್ಪನಿಗೂ ಕವಾಟ ಬದಲಿಸಿದರು. ಅಂಗಡಿಗೆ ಮರಳಿದವನು ನೆಟ್ಟಗೆ ಹಿಂದಿನ ಕೋಣೆಗೆ ಬಂದ. “ನೋಡಮ್ಮ, ಇನ್ಮೇಲೆ ನನ್ನ ಲೋಟಕ್ಕೆ ಹಾಲಿಲ್ಲದ ಟೀ ಹಾಕು. ರಕ್ತದ ಮಾತ್ರೆಗೂ ಈ ಬೇರಿಗೂ ಆಗಲ್ವಂತೆ. ಯಾರಿಗೂ ಹೇಳ್ಬೇಡ, ವ್ಯಾಪಾರ ಕೆಟ್ಟೋಗತ್ತೆ.”

ಥೂ! ಯಾರ ಹತ್ತಿರ ಹೇಳುತ್ತಿದ್ದೇನೆ ಎಂಬ ಪರಿವೆಯೂ ಇಲ್ಲ! “ಆಯ್ತು ಭಾವ,” ಅಂದಳಂತೆ ಅಮ್ಮ.

ಅವಳು ಮನೆಗೆ ಬಂದು ಹೇಳಿದಾಗ ನನ್ನ ಮೈಯೆಲ್ಲ ಉರಿಯಿತು. “ನಿಜವಾದ ಕಷಾಯಾನೇ ಹಾಕಿಕೊಡು. ಕುಡ್ಕೊಂಡು ಸಾಯ್ಲಿ.” ಬಾಯಿ ತಪ್ಪಿ ಆಡಿದ ಮಾತಲ್ಲ, ಮನಸಾರೆ ಹೇಳಿದ್ದು.

“ಸತ್ರೆ ಅವರಿಗೇನು ಗೊತ್ತಾಗತ್ತೆ?” ಎಂದಳು ಅಮ್ಮ. “ಬದುಕಿರ್ಬೇಕು ಕಣೇ. ಬದುಕಿದ್ದು ಬಾಯಿ ಬಿಡ್ಬೇಕು.”

ಹೊಸ ಕೆಂಪು ಬೇರು ಮಾರಾಟಕ್ಕಿಟ್ಟ ದಿನ ಅಂಗಡಿ ತುಂಬಿತ್ತು. ಅಮ್ಮ ಬಾ ಎಂದಿದ್ದಕ್ಕೆ ನಾನೂ ಹೋಗಿದ್ದೆ. “ಯಾವ ಮಾತ್ರೆ ಜೊತೆಗಾದ್ರೂ ತಗೊಳ್ಳಿ, ಏನೂ ಆಗಲ್ಲ,” ಎಂದು ದೊಡ್ಡಪ್ಪ ಒಬ್ಬ ವಯಸ್ಸಾದ ಗಿರಾಕಿಯ ಕೈಗೆ ಡಬ್ಬಿ ಕೊಡುತ್ತಿದ್ದ. ಓದೋದು ಶಾಸ್ತ್ರ, ಇಕ್ಕೋದು ಗಾಳ. ಅಷ್ಟರಲ್ಲಿ ಅಮ್ಮ ಖಾಲಿ ಲೋಟವನ್ನೂ ಹಬೆಯಾಡುವ ಪಾತ್ರೆಯನ್ನೂ ಹಿಡಿದು ಬಂದು, ಎಲ್ಲರೆದುರೇ ಕಷಾಯ ಸೋಸಿದಳು.

“ಕುಡೀರಿ ಭಾವ.”

ಅವನು ಮೂಸಿ ನೋಡಿದ. “ಆಮೇಲೆ ಕುಡೀತೀನಿ.”

“ನೀವು ಕುಡಿಯದ್ದನ್ನ ಇವರಿಗೆ ಹೇಗೆ ಕೊಡ್ಲಿ?”

ಗಿರಾಕಿಗಳೆಲ್ಲ ಇತ್ತ ತಿರುಗಿದರು. ಅಮ್ಮ ಕದಲಲಿಲ್ಲ. ಅವನು ಲೋಟವನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದ. ಆಹಾ, ಆ ಅಂಜಿಕೆ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

“ನನಗಾಗಲ್ಲಮ್ಮ,” ಎಂದ ಮೆಲ್ಲಗೆ. “ರಕ್ತದ ಮಾತ್ರೆ ತಗೋತೀನಿ. ಅದರ ಜೊತೆ ಇದು ಪ್ರಾಣಕ್ಕೇ ಅಪಾಯ.”

“ಜೋರಾಗಿ ಹೇಳಿ. ಹಿರಿಯರಿಗೆ ಕೇಳಿಸ್ಲಿಲ್ಲ.”

ಜೋರಾಗಿ ಹೇಳಿದ.

“ನನ್ನ ಯಜಮಾನರೂ ಅದೇ ಮಾತ್ರೆ ತಗೋತಿದ್ರು ಭಾವ. ನೀವು ಇದನ್ನೇ ಕುಡಿಸಿದ್ರಿ. ಅವರು ಉಳೀಲಿಲ್ಲ.”

ವಯಸ್ಸಾದ ಗಿರಾಕಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೇಳಿದರು: “ಈಕೆಯ ಯಜಮಾನರು ನಿಮಗೇನಾಗ್ಬೇಕು?”

“ತಮ್ಮ,” ಎಂದ ದೊಡ್ಡಪ್ಪ.