ಫೋನಿನ ಪಕ್ಕ ಕೂತ ಹೊತ್ತು

ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ ಹಿಂದಿ ಬರುತ್ತದೆಂದು ಎದೆ ತಟ್ಟಿಕೊಳ್ಳುವವರಿಗೇನೂ ಕಡಿಮೆಯಿರಲಿಲ್ಲ. ದೆಹಲಿಯ ಖರೀದಿದಾರ ಫೋನಿನಲ್ಲಿ ದನಿ ಏರಿಸಿದನೆಂದರೆ ಅವರೆಲ್ಲ 'ಹಾಂ ಜೀ, ಹಾಂ ಜೀ' ಎನ್ನುತ್ತ ಬೆವರುತ್ತಿದ್ದರು, ಅಷ್ಟೇ. ಪವಿತ್ರ ಹಾಗಲ್ಲ. ಹಿಂದಿ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸು ಮಾಡಿದವಳು. ಮರುಳಪ್ಪನವರ ಮಂಡಿಯಲ್ಲಿ ತಿಂಗಳಿಗೆ ಒಂಬೈನೂರು ರೂಪಾಯಿಗೆ ನಾಲ್ಕು ವರ್ಷ ಫೋನು ನೋಡಿಕೊಂಡಿದ್ದಳು.

ತೊಂಬತ್ತೆಂಟರಲ್ಲಿ ಮಗಳು ಸ್ಪಂದನ ಹುಟ್ಟಿದಾಗ ಮರುಳಪ್ಪನವರೇ ಮನೆಗೆ ಬಂದರು.

"ಮಗೀನ ಎತ್ಕಂಡು ಮಂಡಿಗೆ ಬರೋದು ಬ್ಯಾಡ ಕಣಮ್ಮ. ನಿನ್ ಮನೆಗೇ ಒಂದು ಫೋನು ಹಾಕಿಸ್ತೀನಿ. ದೆಹಲಿಯೋರು ಅದಕ್ಕೇ ಮಾಡ್ತಾರೆ, ರೇಟು ಕೇಳ್ಕಂಡು ನಂಗೆ ತಿಳ್ಸು. ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರ ಗಂಟ ಅದರ ಪಕ್ಕ ಇದ್ರೆ ಸಾಕು."

ಪವಿತ್ರ ಕೈ ಮುಗಿದಳು. ಮುಗಿಯಬಾರದಿತ್ತು.

ಫೋನಿನ ಜೊತೆ ಅವರೊಂದು ನೋಟ್‌ಬುಕ್ಕನ್ನೂ ಕೊಟ್ಟರು. ಯಾರ ಫೋನು, ಎಷ್ಟು ನಿಮಿಷ ಮಾತು ಎಂದು ಬರೆಯಬೇಕು. ತಿಂಗಳ ಕೊನೆಗೆ ಕೂಡಿದರೆ ಮಾತಾಡಿದ್ದು ಹನ್ನೊಂದು ಗಂಟೆ. ಗಂಟೆಗೆ ಹತ್ತರಂತೆ ನೂರಾ ಹತ್ತು ರೂಪಾಯಿ ಅವಳ ಕೈಗೆ ಬಂತು.

"ಸಾವ್ಕಾರ್ರೇ, ದಿನಾ ಆರು ಗಂಟೆ ಕಾಯ್ತೀನಲ್ಲ?"

"ಕಾಯೋದು ನಿನ್ ಮನೇಲಿ ತಾನೆ? ನಿನ್ ಒಲೆ, ನಿನ್ ಮಗು. ಸುಮ್ನೆ ಕೂತಿದ್ದಕ್ಕೆಲ್ಲ ದುಡ್ಡು ಕೊಟ್ರೆ ನಾನು ಮಂಡಿ ಮುಚ್ಕಂಡು ಹೋಗ್ಬೇಕಾಯ್ತದೆ."

ಸುಮ್ಮನೆ ಕೂರುವುದು ಏನೆಂದು ಪವಿತ್ರಳನ್ನು ಕೇಳಬೇಕು. ಬಚ್ಚಲಿಗೆ ಹೋದರೆ ಬಾಗಿಲು ಅರ್ಧ ತೆರೆದಿರಬೇಕು. ಮಗು ಅತ್ತರೆ ಅದರ ಅಳುವಿನ ನಡುವೆಯೂ ಫೋನಿಗೆ ಕಿವಿ ಕೊಡಬೇಕು. ನೀರು ಬಂದ ದಿನ ಬೀದಿಯ ನಲ್ಲಿಯ ಹತ್ತಿರ ಬಿಂದಿಗೆ ಬಿಟ್ಟು ಎಷ್ಟು ಸಲ ಒಳಗೆ ಓಡುತ್ತಿದ್ದಳೋ, ಅಷ್ಟು ಸಲವೂ ಸರದಿ ತಪ್ಪಿಹೋಗುತ್ತಿತ್ತು. ಪಕ್ಕದ ಮನೆಯ ಪುಟ್ಟಗಂಗಮ್ಮ ಬೇರೆ, "ನಿಂದೇ ಪುಣ್ಯ ಕಣೇ, ಮನೇಲ್ ಕೂತು ಸಂಬಳ" ಎನ್ನುತ್ತಿದ್ದಳು.

ಪ್ರತಿ ತಿಂಗಳೂ ಕೇಳಿದಳು. ಪ್ರತಿ ತಿಂಗಳೂ ಅದೇ ಉತ್ತರ. ಏಳನೆಯ ಸಲ ಬೇಸತ್ತು ಹೇಳಿದಳು: "ಕಾಯಿ ಅಟ್ಟದ ಮೇಲೆ ಹನ್ನೊಂದು ತಿಂಗಳು ಸುಮ್ನೆ ಕೂತ್ರೇನೇ ಕೊಬ್ಬರಿ ಆಗೋದು. ಅದು ಕೂತಿದ್ದಕ್ಕೆ ರೇಟು ಕೊಡ್ತೀರಿ. ನಾನು ಕೂತಿದ್ದಕ್ಕೆ ಯಾಕಿಲ್ಲ?"

ಮರುಳಪ್ಪನವರು ಹೊಟ್ಟೆ ಹಿಡಿದು ನಕ್ಕರು. ಮಂಡಿ ಸಾಲಿನಲ್ಲೆಲ್ಲ ಆ ಮಾತನ್ನು ಹೇಳಿಕೊಂಡು ತಿರುಗಿದರು. 'ನಮ್ ಪವಿತ್ರಮ್ಮ ಭಾರಿ ಚುರುಕು' ಎಂದು ಹೊಗಳಿದರು. ಕೊಟ್ಟದ್ದು ಮಾತ್ರ ಆ ತಿಂಗಳೂ ಮಾತಾಡಿದ ಹೊತ್ತಿನದೇ.

ಎಂಟನೆಯ ತಿಂಗಳು, ಹರಾಜಿನ ದಿನವೇ, ತವರು ಬಿಳಿಗೆರೆಯಿಂದ ಸುದ್ದಿ ಬಂತು. ತಾಯಿ ಚೌಡಮ್ಮನಿಗೆ ಜ್ವರ ಬಿಟ್ಟಿಲ್ಲವಂತೆ. ಗಡಿಯಾರದಲ್ಲಿ ಎಂಟು ಗಂಟೆ. ಪವಿತ್ರ ಫೋನನ್ನೊಮ್ಮೆ ನೋಡಿದಳು. ಹಟಕ್ಕಲ್ಲ, ಸೇಡಿಗೂ ಅಲ್ಲ, ಸಾಕಾಗಿತ್ತು. ಮಗುವನ್ನು ಎತ್ತಿಕೊಂಡು ಬೀಗ ಹಾಕಿ ಬಸ್ಸು ಹತ್ತಿದಳು. ತಾಯಿಗೆ ಗಂಜಿ ಕುಡಿಸುವಾಗಲೂ ಹಾಳು ಕಿವಿಯಲ್ಲಿ ಫೋನಿನ ಗಂಟೆ ಬಾರಿಸುತ್ತಲೇ ಇತ್ತು.

ಹಿಂತಿರುಗಿದಾಗ ಮನೆಯ ಜಗಲಿಯ ಮೇಲೆ ಮರುಳಪ್ಪನವರು ಕೂತಿದ್ದರು. ಇಸ್ತ್ರಿ ಮಾಡಿದ ಪಂಚೆಗೆಲ್ಲ ಧೂಳು.

"ಎಲ್ಲಮ್ಮ ಹೋಗಿದ್ದೆ? ಕಾಯ್ತಾ ಕೂತು ಎರಡು ಗಂಟೆ ಆಯ್ತು. ಒಳಗೆ ಮೂರ್ ಸಲ ಬಡ್ಕಂತು ಫೋನು! ದೆಹಲಿಯೋರು ರೇಟು ಹೇಳ್ದೆ ನಾನು ಹರಾಜಲ್ಲಿ ಏನಂತ ಕೂಗ್ಲಿ? ಎದ್ದೋಗೋ ಹಂಗಿಲ್ಲ, ಕೂರೋ ಹಂಗಿಲ್ಲ. ತಲೆ ಕೆಟ್ಟೋಯ್ತು ಕಣಮ್ಮ."

ಎಂಟು ತಿಂಗಳಿಂದ ಕೂಡಿಟ್ಟ ಮಾತುಗಳೆಲ್ಲ ಪವಿತ್ರಳ ನಾಲಿಗೆಯ ತುದಿಗೆ ಬಂದವು. ಬಂದು, ಅಲ್ಲೇ ಸುಸ್ತಾದವು. ಬೀಗ ತೆಗೆದು ಅವರಿಗೆ ಒಂದು ಲೋಟ ನೀರು ಕೊಟ್ಟಳು. ಆಮೇಲೆ ನೋಟ್‌ಬುಕ್ಕು ತೆಗೆದು ಆ ದಿನದ ತಾರೀಖು ಬರೆದಳು. ಅದರ ಮುಂದೆ ಒಂದು ಸೊನ್ನೆ ಬರೆದಳು.

"ಏನದು?"

"ಇವತ್ತಿನ ಲೆಕ್ಕ, ಸಾವ್ಕಾರ್ರೇ. ಎರಡು ಗಂಟೆ ಕಾದ್ರಿ. ಮಾತೇನೂ ಆಗ್ಲಿಲ್ಲ."

ಮರುಳಪ್ಪನವರು ಸೊನ್ನೆಯನ್ನು ನೋಡಿದರು. ಈ ಸಲ ನಗಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಎತ್ತಮ್ಮ, ಎತ್ತು!"

ಪವಿತ್ರ ಕೈ ಚಾಚಲಿಲ್ಲ.

"ಆಯ್ತು ಕಣಮ್ಮ. ಇವತ್ತಿಂದ ಕೂತಿದ್ದೂ ಲೆಕ್ಕಕ್ಕೆ ಸೇರ್ಸು."

"ಎಂಟು ತಿಂಗಳದ್ದು?"

ಅವರು ಲೋಟದೊಳಗೆ ನೋಡುತ್ತ ಕೂತರು. ಫೋನು ಬಡಿದುಕೊಂಡು ಬಡಿದುಕೊಂಡು ನಿಂತುಹೋಯಿತು. ಆ ಎಂಟು ತಿಂಗಳು ಹೋದಂತೆಯೇ ಎಂದು ಪವಿತ್ರಳಿಗೆ ತಿಳಿಯಿತು. ಇನ್ನೊಮ್ಮೆ ಕೇಳಲು ಅವಳಲ್ಲಿ ಉಸಿರಿರಲಿಲ್ಲ.

"ಮತ್ತೆ ಮಾಡ್ತಾರೆ, ಕೂತ್ಕಳಿ" ಎಂದು ಮಗುವನ್ನು ಮಡಿಲಲ್ಲಿಟ್ಟುಕೊಂಡು ಫೋನಿನ ಪಕ್ಕ ಕೂತಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು. ಪವಿತ್ರ ಅದನ್ನು ಬರೆದುಕೊಂಡಳು.