ಚೌರಮ್ಮ ನಕ್ಕ ಆ ಬೇಸಿಗೆ

ಆ ಭಾನುವಾರವೂ ಎಂದಿನಂತೆಯೇ ಬೆಳಗಾಯಿತು. ಫಿಲ್ಟರಿಗೆ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಒಂದು ಕೊಡ ನೀರು ತಂದುಬಿಡೋಣವೆಂದು ಬೀದಿ ನಲ್ಲಿಗೆ ಹೋದೆ. ನನ್ನ ಮುಂದೆ ಎದುರುಮನೆಯ ನಂಜಮ್ಮನವರು ನಿಂತಿದ್ದರು. ಅವರ ತಾಮ್ರದ ಕೊಡದ ಕುತ್ತಿಗೆಯಲ್ಲಿ ಹುಣಸೆಹಣ್ಣಿನ ಚೂರೊಂದು ಅಂಟಿಕೊಂಡಿತ್ತು. ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಸಾಲುಮನೆಯ ಕೊನೆಯ ಬಾಗಿಲಿಂದ ಆ ನಗು ಕೇಳಿಸಿತು. ಹಿತ್ತಾಳೆಯ ತಟ್ಟೆ ನೆಲಕ್ಕೆ ಬಿದ್ದು, ಗಿರಗಿರನೆ ತಿರುಗಿ ತಿರುಗಿ ನಿಧಾನವಾಗಿ ಮಲಗುತ್ತದಲ್ಲ, ಹಾಗಿರುತ್ತಿತ್ತು ಚೌರಮ್ಮನ ನಗು.

"ಕೇಳಿಸ್ತಾ?" ಎಂದರು ನಂಜಮ್ಮ, ದನಿ ತಗ್ಗಿಸಿ. "ಕಾಗೆ ಕೂಗೋಕ್ ಮುಂಚೆ ಇವಳದು ಶುರು. ಗಂಡ ನೋಡಿದ್ರೆ ಸೊಂಟದಿಂದ ಕೆಳಕ್ಕೆ ಕೊರಡಾಗಿ ಬಿದ್ದಿದಾನೆ. ನಗು ಹೆಂಗ್ರೀ ಬರುತ್ತೆ?"

ಅದೇ ಪ್ರಶ್ನೆ ನನ್ನೊಳಗೂ ಇತ್ತು. ಬೀದಿಯವರೆಲ್ಲರ ಒಳಗೂ ಇತ್ತು.

ರಾಜಾಜಿನಗರದಲ್ಲಿ ಮನೆಗಳಿಗಿಂತ ಇಟ್ಟಿಗೆ ರಾಶಿಗಳೇ ಹೆಚ್ಚಾಗಿದ್ದ ಕಾಲ ಅದು. ಹೊಸ ಕಾರ್ಖಾನೆಯಲ್ಲಿ ನಮ್ಮವರಿಗೆ ಗುಮಾಸ್ತೆಯ ಕೆಲಸ ಸಿಕ್ಕಿ ನಾವು ಅಲ್ಲಿಗೆ ಬಂದಾಗ ಸಂಜೆಯಾದರೆ ನರಿ ಕೂಗುವುದು ಕೇಳುತ್ತಿತ್ತು. ನಾವಿದ್ದ ಸಾಲುಮನೆಗಳು ಚನ್ನೇಗೌಡರವು. ಬಡಾವಣೆಗೆ ಹೋಗಿ ಉಳಿದ ರಾಗಿ ಹೊಲದ ತುಂಡಿನಲ್ಲಿ ಅವರು ಕಟ್ಟಿಸಿದ್ದು. ಕಟ್ಟಿದವನು ಚೌರಮ್ಮನ ಗಂಡ ರಾಯಪ್ಪ ಮೇಸ್ತ್ರಿ. ಮಾಗಡಿ ಕಡೆಯ ಕ್ರೈಸ್ತ ಒಕ್ಕಲು ಮನೆತನದವರು ಇಬ್ಬರೂ. ಗಂಡ ಗೋಡೆ ಏರಿಸುತ್ತಿದ್ದರೆ ಹೆಂಡತಿ ಗಾರೆ ಬಾಣಲಿ ತಲೆಯ ಮೇಲಿಟ್ಟು ಏಣಿ ಹತ್ತುತ್ತಿದ್ದಳು. ಕೆಲಸ ಮುಗಿದ ಮೇಲೆ ಸಾಲಿನ ಕೊನೆಯ ಮನೆಗೆ ಅವರೇ ಬಾಡಿಗೆಗೆ ಬಂದರು. ಕಪ್ಪಗೆ, ಗಟ್ಟಿಯಾಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಸುಣ್ಣದೊಂದಿಗೆ ಚೌರಮ್ಮ ನಲ್ಲಿಯ ಬಳಿ ಬಂದರೆ, ತನ್ನ ಕೊಡಕ್ಕಿಂತ ಮೊದಲು ಮುದುಕಿಯರ ಕೊಡ ಎತ್ತಿಕೊಡುತ್ತಿದ್ದಳು.

ಆಗ ಅವಳು ಹೆಸರಾಗಿದ್ದುದು ನಗುವಿಗಲ್ಲ, ಅಳುವಿಗೆ. ಕಣ್ಣೀರು ಸೆರಗಿನ ತುದಿಯಲ್ಲೇ ಕಾದಿರುತ್ತಿತ್ತು. ಹದ್ದು ಕೋಳಿಮರಿ ಎತ್ತಿಕೊಂಡು ಹೋದರೆ ಅಳು. ಹಾಲಿನವನ ಹಸು ಸತ್ತರೆ ಅಳು. ನನ್ನ ತಂಗಿಯನ್ನು ನಾವು ಬಸ್ಸು ಹತ್ತಿಸಿ ಬಂದಾಗ, ಅವಳನ್ನು ಎರಡೇ ಸಲ ನೋಡಿದ್ದ ಚೌರಮ್ಮ ನಮಗಿಂತ ಹೆಚ್ಚು ಅತ್ತಳು. ಅತ್ತು ಮುಗಿಸಿ ಮುಖ ತೊಳೆದುಕೊಂಡು, "ಅಬ್ಬ, ಈಗ ಅನ್ನ ಸೇರ್ತೈತೆ ನೋಡಿ ಅಮ್ಮಾವ್ರೆ" ಎನ್ನುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದವರ ಹಾಗೆ ಅವಳ ಮುಖ ಹಗುರಾಗಿರುತ್ತಿತ್ತು.

ಅಂಥವಳ ಗಂಡ ಆ ವರ್ಷ ಸಂಕ್ರಾಂತಿ ಕಳೆದ ಮೇಲೆ, ಗೋಡೆ ಕಟ್ಟಲು ನಿಲ್ಲಿಸಿದ್ದ ಸಾರುವೆಯ ಮೇಲಿಂದ ಬಿದ್ದ. ಆಸ್ಪತ್ರೆಯವರು ಇನ್ನು ಕಾಲು ಬರುವುದಿಲ್ಲ ಎಂದರಂತೆ. ಎತ್ತಿನಗಾಡಿಯಲ್ಲಿ ಹುಲ್ಲು ಹಾಸಿ ಅವನನ್ನು ಮನೆಗೆ ಕರೆತಂದ ದಿನ ಚೌರಮ್ಮ ಅತ್ತದ್ದು ಇಡೀ ಬೀದಿಗೆ ಕೇಳಿಸಿತು. ನಾವೂ ಅತ್ತೆವು. ಆಮೇಲೆ ಎರಡು ಮೂರು ದಿನಕ್ಕೆ ಅವಳು ಹಣೆಯ ಮೇಲೆ ಬೂದಿ ಹಚ್ಚಿಕೊಂಡು ನಲ್ಲಿಗೆ ಬಂದಳು.

"ಏನೇ ಚೌರಮ್ಮ, ವಿಭೂತಿ! ಕೊನೆಗೂ ಶಿವನ ಹತ್ರ ಬಂದ್ಯಾ?" ನಂಜಮ್ಮನವರಿಗೆ ಖುಷಿಯೇ ಆಗಿತ್ತು.

"ಇದು ನಮ್ಮ ವಿಭೂತಿ ಬುಧವಾರ ಕಣ್ರಮ್ಮ. ಮಣ್ಣಿಂದ ಬಂದೆ, ಮಣ್ಣಿಗೇ ಹೋಗ್ತೀಯ ಅಂತ ಸ್ವಾಮಿಗಳು ಹಣೆಗೆ ಇಕ್ತಾರೆ" ಎಂದು ಚೌರಮ್ಮ ನಕ್ಕಳು. "ನಮಗೇನ್ ಹೊಸದಾ? ದಿನಾ ಮಣ್ಣಲ್ಲೇ ಇರ್ತೀವಿ."

ಅದು ಅವಳ ಮೊದಲನೆಯ ನಗು. ಅವತ್ತಿನಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರು ಕಂಡವರಿಲ್ಲ. ಕೆಲಸಕ್ಕೆ ಹೋಗುವಾಗ ಕೀರ್ತನೆ, ಬರುವಾಗ ಕೀರ್ತನೆ. ದೀಪ ಹಚ್ಚುವ ಹೊತ್ತಿಗೆ ಮುಚ್ಚಿದ ಬಾಗಿಲ ಹಿಂದೆ ಗಂಡ ಹೆಂಡಿರಿಬ್ಬರ ನಗು. ನಾವು ತೋರಿಸಲು ಹೋದ ಮರುಕವನ್ನು ಅವಳು ತೆಗೆದುಕೊಳ್ಳಲೇ ಇಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳದವರ ಮೇಲೆ ಬೀದಿಗೆ ಅನುಮಾನ ಬರುತ್ತದೆ. ಮೊದಲು, ಪಾಪ, ಬುದ್ಧಿಭ್ರಮಣೆ ಇರಬೇಕೆಂದರು. ಆಮೇಲೆ ಗಂಡನಿಗೆ ಏನೋ ಮದ್ದು ಹಾಕಿದ್ದಾಳೆ ಎಂದರು; ಅವಳ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟರು. ಯುಗಾದಿಯ ಸುಮಾರಿಗೆ ಅವಳ ಮನೆಯ ದೇವರ ಪಟಕ್ಕೆ ನೇರಳೆ ಬಣ್ಣದ ಬಟ್ಟೆ ಮುಚ್ಚಿರುವುದನ್ನು ನಂಜಮ್ಮ ಕಿಟಕಿಯಿಂದ ಕಂಡರು. "ದೇವರ ಕಣ್ಣಿಗೇ ಬಟ್ಟೆ ಕಟ್ಟಿದಾಳೆ ಅಂದ್ರೆ ಅವನು ನೋಡಬಾರದ್ದು ಏನೋ ನಡೀತಿದೆ ಅಂತ ತಾನೆ ಅರ್ಥ?"

ನಾನು ಓದಿದ್ದು ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಒಂದು ಕಾನ್ವೆಂಟಿನಲ್ಲಿ. ಕ್ರೈಸ್ತರ ದೊಡ್ಡ ಹಬ್ಬಕ್ಕೆ ಮುಂಚೆ ಪ್ರಾರ್ಥನಾ ಮಂದಿರದ ವಿಗ್ರಹಗಳಿಗೆಲ್ಲ ಹಾಗೆ ನೇರಳೆ ಬಟ್ಟೆ ಹೊದಿಸುವುದನ್ನು ನೋಡಿದ್ದೆ. ಅದನ್ನು ಹೇಳಿದೆ ಕೂಡ. ಆದರೆ ಹೇಳುವಾಗ ನನ್ನ ದನಿಯಲ್ಲೇ ಗಟ್ಟಿತನ ಇರಲಿಲ್ಲ. ಬಟ್ಟೆಗೆ ಕಾರಣ ಗೊತ್ತಿತ್ತು, ನಗುವಿಗೆ ಗೊತ್ತಿರಲಿಲ್ಲ. ಗಾರೆಯ ಕಲೆಗಳಿದ್ದ ಸೀರೆಯುಟ್ಟು ಹಾಡುತ್ತಾ ಹೋಗುವ ಅವಳನ್ನು ಕಿಟಕಿಯಿಂದ ನೋಡುವಾಗ ಅವಳ ಕುತ್ತಿಗೆಯ ನರ ಉಬ್ಬಿರುವುದು ಕಾಣುತ್ತಿತ್ತು. ಸುಖವಾಗಿ ಹಾಡುವವರ ಕುತ್ತಿಗೆ ಹಾಗಿರುವುದಿಲ್ಲ. ಏನನ್ನೋ ಒಳಗೆ ತಳ್ಳುತ್ತಿದ್ದಾಳೆ ಎನಿಸುತ್ತಿತ್ತು. ಏನನ್ನು?

ಅದರ ಮೇಲೆ ಹಗ್ಗದ ವಿಷಯ. ಅವಳು ಸಂತೆಯಿಂದ ದಪ್ಪ ಹಗ್ಗ ತಂದು ತೊಲೆಗೆ ಕಟ್ಟಿದ್ದಳು. ಅದನ್ನೂ ನಂಜಮ್ಮನೇ ಕಂಡದ್ದು.

"ಇವತ್ತು ಸಾಯಂಕಾಲ ಗೌಡ್ರು ಬರ್ತಾರೆ" ಎಂದರು ಆ ಬೆಳಗ್ಗೆ, ಕೊಡ ಸೊಂಟಕ್ಕೇರಿಸುತ್ತಾ. "ನಮ್ಮನೆಯವರೇ ಹೋಗಿ ಹೇಳಿದ್ರು. ನಾಳೆ ಆ ಹಗ್ಗಕ್ಕೆ ಯಾರಾದ್ರೂ ನೇತಾಡಿದ್ರೆ ಸಾಲಿಗೆ ಸಾಲೇ ಖಾಲಿ ಬೀಳುತ್ತೆ ಅಂತ ಗೌಡ್ರಿಗೂ ಭಯ. ಖಾಲಿ ಮಾಡಿಸ್ತಾರೆ. ಅಷ್ಟರಲ್ಲಿ ನೀವೊಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ. ಕಾನ್ವೆಂಟಲ್ಲಿ ಓದಿದೋರು, ಅವರ ಮರ್ಮ ನಿಮಗೆ ತಿಳಿಯುತ್ತೆ."

ಕಾನ್ವೆಂಟಿನಲ್ಲಿ ನನಗೆ ಕಸೂತಿ ಕಲಿಸಿದ್ದರು, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದನ್ನು ಕಲಿಸಿದ್ದರು. ಮರ್ಮ ಯಾವುದನ್ನೂ ಹೇಳಿಕೊಟ್ಟಿರಲಿಲ್ಲ. ಆದರೂ ನಮ್ಮವರಿಗೆ ತಿಂಡಿ ಕೊಟ್ಟು, ಒಂದು ಬಟ್ಟಲು ಮಾವಿನಕಾಯಿ ಉಪ್ಪಿನಕಾಯಿಯ ನೆಪ ಹಿಡಿದು ಹೋದೆ.

ಬಾಗಿಲು ತೆರೆದಿತ್ತು. ಬಿಸಿಲಿನಿಂದ ಒಳಗೆ ಹೋದ ಕಣ್ಣಿಗೆ ಮೊದಲು ಕಂಡದ್ದು ಹಗ್ಗ. ತೊಲೆಯಿಂದ ನೇರ ಇಳಿದಿತ್ತು. ಅದರ ತುದಿಗೆ ಒಂದು ಕೋಲನ್ನು ಅಡ್ಡಲಾಗಿ ಬಿಗಿದು, ಆ ಕೋಲನ್ನು ಎರಡು ಕೈಯಲ್ಲಿ ಹಿಡಿದು ರಾಯಪ್ಪ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದ. ನನ್ನನ್ನು ಕಂಡು ಒಂದು ಕೈ ಬಿಟ್ಟು ನಮಸ್ಕಾರ ಮಾಡಲು ಹೋಗಿ ವಾಲಿದ.

"ಬೇಡ, ಬೇಡ, ಹಿಡ್ಕೊಳ್ಳಿ!" ಎಂದೆ.

"ಬನ್ನಿ ಅಮ್ಮಾವ್ರೆ. ಆ ಗೋಡೆ ನೋಡಿ" ಎಂದ ಅವನು, ಕಾಲುಗಳ ಕಡೆಯ ಗೋಡೆಯನ್ನು ಗದ್ದದಿಂದ ತೋರಿಸಿ. "ಮೇಲಕ್ಕೆ ಹೋಗ್ತಾ ಹೋಗ್ತಾ ಎಡಕ್ಕೆ ಓಡೈತೆ. ಎಂಥ ಅಡ್ಡಕಸುಬಿ ಕಟ್ಟಿದನೋ."

"ಕಟ್ಟಿದ್ದು ನೀವೇ ಅಲ್ವಾ?"

"ಅದೇ ಅಮ್ಮಾವ್ರೆ ಬೇಜಾರು! ನಿಂತ್ಕಂಡಿದ್ದಾಗ ಕಾಣ್ಲಿಲ್ಲ. ಮಲಗಿದ ಮೇಲೆ ದಿನಕ್ಕೊಂದು ತಪ್ಪು ಕಾಣ್ತೈತೆ."

ಒಲೆಯ ಬಳಿಯಿಂದ ಹಿತ್ತಾಳೆಯ ತಟ್ಟೆ ಮತ್ತೆ ಬಿದ್ದು ತಿರುಗಿತು. "ದಿನಾ ಸಂಜೆ ಇದೇ ಇವರ ಪುರಾಣ" ಎನ್ನುತ್ತಾ ಚೌರಮ್ಮ ಈಚೆ ಬಂದಳು. ಬೆಳಗಿನ ಜಾವವೇ ಚರ್ಚಿಗೆ ಹೋಗಿ ಬಂದ ಬಿಳಿ ಸೀರೆ ಇನ್ನೂ ಉಟ್ಟಿದ್ದಳು. ಅವತ್ತು ಪಾಸ್ಕ ಹಬ್ಬ, ಸ್ವಾಮಿ ಸಮಾಧಿಯಿಂದ ಎದ್ದು ಬಂದ ದಿನ. ಪಟದ ಮೇಲಿನ ಬಟ್ಟೆ ಇರಲಿಲ್ಲ. ಶಿಲುಬೆಯ ಪಟಕ್ಕೆ ಒಂದು ಕೆಂಪು ದಾಸವಾಳ ಸಿಕ್ಕಿಸಿತ್ತು. ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು.

ನಾನು ಸುತ್ತುಬಳಸಿ ಕೇಳಬೇಕೆಂದಿದ್ದೆ. ಆಗಲಿಲ್ಲ. "ಚೌರಮ್ಮ, ನೀನು ಇಷ್ಟು ದಿನ ಒಂದ್ಸಲಾನೂ ಅಳಲಿಲ್ಲವಲ್ಲ. ಯಾಕೆ?"

ಅವಳು ಉಪ್ಪಿನಕಾಯಿಯ ಬಟ್ಟಲನ್ನು ಮೂಸಿ ನೋಡಿ, ಕೆಳಗಿಟ್ಟು, ಸೌಟನ್ನು ಸೆರಗಿಗೆ ಒರೆಸಿಕೊಂಡಳು.

"ತಪಸ್ಸುಕಾಲ ಅಲ್ವಾ ಅಮ್ಮಾವ್ರೆ. ವಿಭೂತಿ ಬುಧವಾರದಿಂದ ಪಾಸ್ಕದವರೆಗೆ ನಮಗೆ ಪ್ರೀತಿಯಾದ್ದು ಒಂದನ್ನ ಸ್ವಾಮಿಗೆ ಅಂತ ಬಿಡಬೇಕು. ಉಳ್ಳವರು ಮಾಂಸ ಬಿಡ್ತಾರೆ. ನಮ್ಮನೆಲಿ ಮಾಂಸ ಎಲ್ಲೈತೆ ಬಿಡಾಕೆ? ಎಲೆಯಡಿಕೆ ಬಿಡಾನ ಅಂದ್ರೆ ಅದೂ ಇಲ್ಲ. ಯೋಚನೆ ಮಾಡಿ ಮಾಡಿ ನೋಡ್ದೆ. ನಂತಾವ ಉಳಿದಿದ್ದ ಸುಖ ಅಂದ್ರೆ ಅಳು ಒಂದೇ. ಅದನ್ನೇ ಬಿಟ್ಟೆ."



"ಸ್ವಾಮಿಗಳು ಏನಂದರು?" ಎಂದೆ.

"ಪಾದ್ರಿ ಸ್ವಾಮಿಗಳಾ? ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸ್ಕಂಡ್ರು. ಭಾನುವಾರ ಉಪವಾಸ ಇಲ್ಲ ಕಣಮ್ಮ, ಭಾನುವಾರ ಬೇಕಾದ್ರೆ ಅತ್ಕೊ ಅಂದ್ರು. ಬ್ಯಾಡ ಸ್ವಾಮಿ, ಒಂದ್ಸಲ ಶುರುವಾದ್ರೆ ಸೋಮವಾರಕ್ಕೆ ನಿಲ್ಲಾಕಿಲ್ಲ ಅಂದೆ."

"ಆ ನಗು?"

"ಮೊದಮೊದಲು ಸುಳ್ಳು ನಗುವೇ" ಎಂದಳು ಅವಳು ಸಂಕೋಚವಿಲ್ಲದೆ. "ಅಳು ಗಂಟಲಿಗೆ ಬಂದ್ರೆ ಮೇಲೊಂದು ಹಾಡು ಹಾಕಿ ಮುಚ್ಚಿಬಿಡೋದು. ಆಮೇಲೆ ಒಂದಿನ ಇವರು ಈ ಗೋಡೆ ಓರೆ ಐತೆ ಕಣೇ ಅಂದ್ರಲ್ಲ, ಅವತ್ತು ನಿಜವಾದ ನಗು ಬಂದ್ಬಿಡ್ತು. ನಾನೇ ಹೆದರ್ಕಂಡೆ. ಅಳು ಇದ್ದ ಜಾಗ ಖಾಲಿಯಾಗಿತ್ತಲ್ಲ, ಸ್ವಾಮಿ ಅಲ್ಲಿ ಇದನ್ನ ಇಟ್ಟವ್ನೆ ಅನ್ನಿಸ್ತು. ಕಾಲು ಬರದಿದ್ರೂ ಇವರು ಬದುಕ್ತಾರೆ, ನಾನೂ ಬದುಕ್ತೀನಿ ಅಂತ ಅವತ್ತೇ ಗೊತ್ತಾಗಿದ್ದು."

ನೇರಳೆ ಬಟ್ಟೆ ಮಡಿಸಿ ಮೂಲೆಯ ಪೆಟ್ಟಿಗೆಯ ಮೇಲಿತ್ತು. ನಾನು ಅದನ್ನು ನೋಡುತ್ತಿರುವುದನ್ನು ಕಂಡು, "ಅದು ಸಂಜೆಗೆ, ಕಣ್ಣು ಒರೆಸ್ಕಳಾಕೆ" ಎಂದಳು. "ಇವತ್ತಿಗೆ ವ್ರತ ಮುಗೀತಲ್ಲ. ಪಾಯಸ ಇಳಿಸಿ, ಇವರಿಗೆ ನೀರು ಹಾಕಿ, ಉಣ್ಣಿಸಿ, ಬಟ್ಟೆ ಒಗೆದು, ಸಂಜೆ ಆರಾಮಾಗಿ ಕೂತ್ಕಂಡು ಅಳ್ತೀನಿ. ಸಮಾಧಿ ಹತ್ರ ಅಳ್ತಾ ನಿಂತಿದ್ದ ಹೆಂಗಸಿಗೇ ಅಲ್ವಾ ಸ್ವಾಮಿ ಮೊದಲು ಕಾಣಿಸ್ಕಂಡಿದ್ದು? ಅಳೋದು ಈ ಹಬ್ಬಕ್ಕೆ ಒಳ್ಳೇದೇ."

ಹೊರಡುವಾಗ ಗೌಡರು ಬರುವ ವಿಷಯವನ್ನು ಹೇಳದಿರಲು ಆಗಲಿಲ್ಲ. ರಾಯಪ್ಪ ಹಗ್ಗದ ಕೋಲನ್ನು ಬಿಟ್ಟು ಹಿಂದಕ್ಕೆ ಒರಗಿ, ತಾನು ಕಟ್ಟಿದ ಓರೆ ಗೋಡೆಯನ್ನೇ ನೋಡಿದ. ಚೌರಮ್ಮ, "ಎಷ್ಟೊತ್ತಿಗೆ ಬತ್ತಾರಂತೆ?" ಎಂದು ಮಾತ್ರ ಕೇಳಿದಳು.

ಮಧ್ಯಾಹ್ನ ನಂಜಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿ, ನನ್ನ ಮುಖವನ್ನೇ ನೋಡಿ, "ಅಳೋದನ್ನ ಯಾರಾದ್ರೂ ವ್ರತಕ್ಕೆ ಬಿಡ್ತಾರೇನ್ರೀ? ನಿಮ್ಮನ್ನ ಚೆನ್ನಾಗಿ ನಂಬಿಸಿದಾಳೆ" ಎಂದರು. ಅವರು ಹಾಗೆಂದ ಮೇಲೆ ನನಗೂ ಅನುಮಾನ ಬಂತು. ಅಷ್ಟು ಸಲೀಸಾಗಿ ಹೇಳಿದಳಲ್ಲ!

ಚೌರಮ್ಮ ಇನ್ನೊಂದು ವರ್ಷವಷ್ಟೇ ನಮ್ಮ ಬೀದಿಯಲ್ಲಿದ್ದಳು. ಆಮೇಲೆ ಅವಳ ತಮ್ಮ ಗಾಡಿ ತಂದು ಇಬ್ಬರನ್ನೂ ಊರಿಗೆ ಕರೆದುಕೊಂಡು ಹೋದ. ಗಾಡಿ ಹತ್ತುವಾಗ ಬೀದಿಯವರನ್ನೆಲ್ಲ ತಬ್ಬಿಕೊಂಡು ಯಥಾಪ್ರಕಾರ ಅತ್ತಳು. ಮತ್ತೆ ನಾನು ಅವಳನ್ನು ನೋಡಲಿಲ್ಲ. ಸಾಲುಮನೆಗಳೂ ಈಗಿಲ್ಲ, ಆ ಓರೆ ಗೋಡೆಯೂ ಇಲ್ಲ. ಆದರೆ ಅವಳನ್ನು ನೆನೆದಾಗ ನನ್ನ ಕಣ್ಣಮುಂದೆ ಬರುವುದು ಆ ವಿದಾಯವಲ್ಲ, ಆ ಭಾನುವಾರದ ಸಂಜೆ.

ನಾನೂ ನಂಜಮ್ಮನೂ ಅವರ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದೆವು. ಚನ್ನೇಗೌಡರು ಬಗಲಲ್ಲಿ ಕೊಡೆ ಹಿಡಿದು, ಬೀದಿಯ ತುದಿಯಿಂದ ನಿಧಾನವಾಗಿ ನಡೆದು ಬಂದರು. ಕೊನೆಯ ಮನೆಯ ಮುಂದೆ ನಿಂತು ಕೆಮ್ಮಿದರು. ಬಾಗಿಲು ಮುಂದಕ್ಕೆ ಹಾಕಿತ್ತು. ತಟ್ಟಲು ಕೈ ಎತ್ತಿದರು.

ಒಳಗಿಂದ ಅಳು ಬಂತು. ಮೊದಲು ಸಣ್ಣಗೆ, ತಡೆತಡೆದು. ಆಮೇಲೆ ಕಟ್ಟೆ ಒಡೆದ ಹಾಗೆ. ಎದೆಯೊಳಗಿಂದ ಒಂದೊಂದಾಗಿ ಕಲ್ಲು ಕಿತ್ತು ಹೊರಗೆ ಹಾಕುವಂತಿದ್ದ ಅಳು. ನನ್ನ ಕೈಯ ದಾರ ನಿಂತಿತು.

ಗೌಡರ ಕೈ ಹಾಗೇ ಕೆಳಗಿಳಿಯಿತು. ಹಿಂದಿರುಗಿ ನಾವು ಕುಳಿತಿದ್ದ ಜಗಲಿಯ ಬಳಿಗೆ ಬಂದರು.

"ಅಳೋ ಹೆಂಗಸಿನ ಮುಂದೆ ಏನಂತ ಬಾಯಿ ಬಿಡೋದವ್ವ? ಇರ್ಲಿ, ಇದ್ಕೊಳ್ಳಲಿ. ಆ ಮನೆ ಕಟ್ಟಿದ್ದೂ ಅವನೇ ಅಲ್ವಾ." ಕೊಡೆಯನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡು ಹೊರಟುಹೋದರು.

ನಾನು ನಿಜ ಹೇಳಬೇಕು. ಆ ಕ್ಷಣ ನನಗೆ ಹೊಳೆದದ್ದು, "ಎಷ್ಟೊತ್ತಿಗೆ ಬತ್ತಾರಂತೆ?" ಎಂದು ಅವಳು ಕೇಳಿದ ಮಾತು. ಹೊತ್ತು ನೋಡಿ ಅತ್ತಳೇ? ಕಿವಿಗೊಟ್ಟು ಕುಳಿತೆ. ಗೌಡರ ಚಪ್ಪಲಿ ಸದ್ದು ಮಾಗಡಿ ರಸ್ತೆಯ ಕಡೆಗೆ ತಿರುಗಿ ಅಡಗಿತು. ಅಳು ನಿಲ್ಲಲಿಲ್ಲ. ಮಲ್ಲಿಗೆ ಮುಗಿಯಿತು, ದೀಪ ಹಚ್ಚುವ ಹೊತ್ತಾಯಿತು, ಆಗಲೂ ನಿಲ್ಲಲಿಲ್ಲ. ನಡುವೆ ರಾಯಪ್ಪನ ದನಿಯೂ ಸೇರಿತು. ಗಂಡಸು ಅಳುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಕೊನೆಗೆ ಅವನು ಏನೋ ಅಂದ. ಗೋಡೆಯ ವಿಷಯವೇ ಇರಬೇಕು. ಅಳುವಿನ ನಡುವೆಯೇ ಹಿತ್ತಾಳೆಯ ತಟ್ಟೆ ಒಂದು ಸುತ್ತು ತಿರುಗಿತು.

ಆ ನಗು ನಂಜಮ್ಮನವರಿಗೆ ಕೇಳಿಸಲಿಲ್ಲವೇನೋ. ಮಡಿಲಲ್ಲಿ ಉಳಿದಿದ್ದ ಹೂವಿನ ತೊಟ್ಟುಗಳನ್ನು ಬೀದಿಗೆ ಕೊಡವಿ ಎದ್ದರು.

"ಸದ್ಯ, ಅತ್ತಳಲ್ಲ" ಎಂದರು. "ಇನ್ನು ಅವಳ ಮನೇಲಿ ಒಂದು ಲೋಟ ನೀರು ಕುಡೀಬಹುದು ಬಿಡಿ."