ಆಂಟಿ ಕಾರಿನ ಕೂಲೆಂಟ್

ಅಮೆರಿಕದ ಡುವಾಲ್ ಊರಲ್ಲಿ ನಮ್ಮ ಪಕ್ಕದ ಮನೆ ಅಂಕಲ್ ಧಾರವಾಡ ಕಡೆಯವ್ರು. ವಿಡಿಯೋ ನೋಡಿ ನೋಡಿ ಕಾರ್ ಕೆಲಸ ಕಲೀತಿದ್ದ ನಂಗೆ ನಿಜವಾಗ್ಲೂ ಹೇಳಿಕೊಟ್ಟಿದ್ದು ಅವ್ರೇ. ಬಾನೆಟ್ ಎತ್ತಿದ ತಕ್ಷಣ ಮುಂಗೈನ ಇಂಜಿನ್ ಹತ್ರ ಹಿಡಿದು, ಮಗೂಗೆ ಜ್ವರ ಇದ್ಯಾ ಅಂತ ನೋಡೋ ಹಾಗೆ ನೋಡ್ತಿದ್ರು. "ಮೊದ್ಲ ಮುಟ್ಟಿ ನೋಡು, ಆಮ್ಯಾಲೆ ಮುಚ್ಚಳಕ್ಕ ಕೈ ಹಾಕು" ಅನ್ನೋರು.

ಆಯುಧ ಪೂಜೆ ದಿನ ಆಯಿಲ್, ರೇಡಿಯೇಟರ್ ಕೂಲೆಂಟ್, ಬ್ರೇಕ್ ಫ್ಲೂಯಿಡ್ ನೋಡದೆ ಯಾವ ಕಾರಿಗೂ ಕುಂಕುಮ ಇಡ್ತಿರ್ಲಿಲ್ಲ. ಹೋದ ವರ್ಷ ಗ್ಯಾರೇಜಲ್ಲಿದ್ದ ಆಂಟಿ ಕಾರನ್ನೂ ನೋಡು ಅಂದ್ರು. ಅವ್ರ ಹೆಂಡ್ತಿ, ಅಂದ್ರೆ ಆಂಟಿ, ತೀರ್ಕೊಂಡು ಎರಡು ವರ್ಷ ಆಗಿತ್ತು. ಅವತ್ತಿಂದ ಆ ಕಾರ್ ಅಲ್ಲಾಡಿರ್ಲಿಲ್ಲ, ಬ್ಯಾಟರಿನೂ ತೆಗೆದಿಟ್ಟಿದ್ರು. ನಾನು ಸೀದಾ ರೇಡಿಯೇಟರ್ ಮುಚ್ಚಳಕ್ಕೆ ಕೈ ಚಾಚಿದೆ.

"ಏ ತಮ್ಮಾ, ಮುಟ್ಟಿ ನೋಡೋ!"

"ಅಯ್ಯೋ ಅಂಕಲ್, ಇದು ಮಲಗಿರೋ ಗಾಡಿ!"

ನಗ್ತಾನೇ ಪಕ್ಕದ ರಬ್ಬರ್ ಪೈಪ್ ಮುಟ್ಟಿದೆ. ಬೆರಳು ಚುರ್ ಅಂತು.

ಅಂಕಲ್‌ಗೆ ಆಶ್ಚರ್ಯನೇ ಆಗ್ಲಿಲ್ಲ. "ತಗದಿದ್ರ ಕುದಿಯೋ ನೀರು ಮಾರಿಗೆ ಹಾರ್ತಿತ್ತು. ಅರ್ಧ ತಾಸು ಬಿಡು" ಅಂದ್ರು. ಆಮೇಲೆ ಖಾಲಿ ಡ್ರೈವರ್ ಸೀಟ್ ಕಡೆ ಬಗ್ಗಿ, ಮೆಲ್ಲಗೆ ಕೇಳಿದ್ರು: "ಇಷ್ಟ್ ಮುಂಜಾನೆ ಎಲ್ಲಿಗೆ ಹೋಗಿದ್ದಿ?"